ತುಂಗಕ್ಕನ ಜಮಖಾನದ ಕಿಟಕಿ ಮೂಲೆ

ನಮ್ಮೂರಲ್ಲಿ ಯಾರ ಮನೆಗೆ ಹೋದರೂ ಮೊದಲು ನೋಡುವುದು ಜಮಖಾನ ನೆಲಕ್ಕೆ ಕೂತಿದೆಯೋ ಇಲ್ಲವೋ ಎಂಬುದನ್ನು. ಪೂರ್ತಿ ಸ್ವಚ್ಛವಾದ ಜಮಖಾನ ಇಲ್ಲಿ ನೆಲದ ಮೇಲೆ ನಿಲ್ಲುವುದಿಲ್ಲ. ಒಂದು ಕಣ ಧೂಳೂ ಉಳಿಯದ ಹಾಗೆ ತೊಳೆದರೆ, ಒದ್ದೆ ಇರುವಷ್ಟು ಹೊತ್ತು ಸುಮ್ಮನೆ ಬಿದ್ದಿದ್ದು, ಒಣಗುತ್ತ ಒಣಗುತ್ತ ಮೇಲೇಳುತ್ತದೆ. ಹೋಗಿ ಮಾಳಿಗೆಯ ಜಂತಿಗೆ ಬೆನ್ನು ಹಚ್ಚಿಕೊಂಡು ನಿಲ್ಲುತ್ತದೆ. ನಾಲ್ಕು ಮೂಲೆಗೆ ಕಲ್ಲು ಹೇರಿ ನೋಡಿದವರಿದ್ದಾರೆ. ಆಗ ನಡುವೆ ಪೂರಿಯ ಹಾಗೆ ಉಬ್ಬಿಕೊಂಡು, ಕೂತವರನ್ನು ಗೋಡೆಯ ಕಡೆಗೆ ಉರುಳಿಸುತ್ತದೆ. ಅದನ್ನು ಸಮನಾಗಿ ಹಿಡಿದು ಕೂರಿಸುವುದು ಧೂಳೊಂದೇ, ಅದೂ ಆ ಮನೆಗೆ ಬಂದು ಹೋದವರ ಕಾಲಿನ ಧೂಳು. ಹಾಗಾಗಿ ಜಮಖಾನ ಎದ್ದ ಮನೆ ಎಂದರೆ ಯಾರೂ ಕಾಲಿಡದ ಮನೆ ಎಂದೇ ಲೆಕ್ಕ. ನಮ್ಮೂರ ಹೆಂಗಸರು ನಲ್ಲಿಯ ಹತ್ತಿರ ಜಗಳಕ್ಕೆ ನಿಂತಾಗ ಎಲ್ಲ ಬೈಗುಳ ಮುಗಿದ ಮೇಲೆ ಕೊನೆಗೆ ತೆಗೆಯುವುದು ಈ ಮಾತನ್ನೇ.

ನಾನು ಗದಿಗೆಪ್ಪ, ಜಮಖಾನ ತೊಳೆಯುವವನು. ಬೆತ್ತದಿಂದ ಬಡಿದು ಧೂಳು ಉದುರಿಸುವುದು, ಅಂಟುವಾಳದ ನೀರಿನಲ್ಲಿ ನೆನೆಸಿ ತೆಂಗಿನ ನಾರಿನಿಂದ ಉಜ್ಜುವುದು ನನ್ನ ಕೆಲಸ. ಹರಿದದ್ದನ್ನು ನೇಯುವುದು, ಅಸ್ತರು ಹಚ್ಚಿ ಹೊಲಿಯುವುದು ನನ್ನ ಹೆಂಡತಿ ನೀಲವ್ವನದು. ಬೇರೆ ಊರಿನಲ್ಲಿ ನಮ್ಮಂಥವರಿಗೆ ಎಷ್ಟು ತೆಗೆದೆ ಎಂದು ಕೇಳುತ್ತಾರಂತೆ. ಇಲ್ಲಿ ಎಷ್ಟು ಬಿಟ್ಟೆ ಎಂದು ಕೇಳುತ್ತಾರೆ. ತೊಳೆದು ಒಣಗಿಸಿದ ಮೇಲೆ ಅದೇ ಮನೆಯ ಧೂಳನ್ನು ಬಟ್ಟೆಯಲ್ಲಿ ಸೋಸಿ, ಮೊಳಕ್ಕೆ ಮೂರು ಚಿಟಿಕೆಯಂತೆ ಎಳೆಗಳ ನಡುವೆ ಕೂರಿಸಬೇಕು. ಕೈ ಸ್ವಲ್ಪ ಜಿಪುಣವಾದರೆ ಜಮಖಾನ ಎರಡು ಬೆರಳು ಏಳುತ್ತದೆ. ಹೊಸದಾಗಿ ಮದುವೆಯಾದವರು ಅದನ್ನೇ ಬೇಕೆಂದು ಕೇಳುತ್ತಾರೆ, ಮೆತ್ತಗಿರುತ್ತದಂತೆ. ಈ ಕಸುಬನ್ನು ನನಗೆ ಕಲಿಸಿದವನು ನಮ್ಮಪ್ಪ. ಅವನ ಮೊದಲ ಪಾಠ, ನಿನ್ನ ಕಾಲಿನ ಧೂಳನ್ನು ಇನ್ನೊಬ್ಬರ ಜಮಖಾನದ ಮೇಲೆ ಬಿಡಬೇಡ ಎಂಬುದು. ಎರಡನೆಯದು, ಚಹಾ ಚೆಲ್ಲಿದರೆ ಉಜ್ಜಬೇಡ, ಒಣ ಬಟ್ಟೆ ಇಟ್ಟು ಒತ್ತು. ಮೂರನೆಯದು, ಬಿಸಿಲಿಗೆ ಬೆನ್ನು ತೋರಿಸು, ಮುಖ ತೋರಿಸಬೇಡ, ಬಣ್ಣ ಹೋಗುತ್ತದೆ. ಊರಿಗೆಲ್ಲ ಈ ಮೂರನ್ನೂ ಇಪ್ಪತ್ತೈದು ವರ್ಷದಿಂದ ಹೇಳುತ್ತ ಬಂದಿದ್ದೇನೆ. ಊರು ಚಹಾ ಚೆಲ್ಲಿದ ಕೂಡಲೇ ಉಜ್ಜುತ್ತ ಬಂದಿದೆ.

ಊರಿನ ಜಮಖಾನಗಳಲ್ಲೆಲ್ಲ ಭಾರವಾದದ್ದು ತುಂಗಕ್ಕನದು. ಆಕೆ ಹುಡುಗ ಹುಡುಗಿಯರನ್ನು ಕೂಡಿಸುವವಳು. ನಲವತ್ತು ವರ್ಷದಿಂದ ನಮ್ಮೂರಿನ ಮುಕ್ಕಾಲುಪಾಲು ಮದುವೆಗಳು ಅವಳ ಪಡಸಾಲೆಯಲ್ಲೇ ಗೊತ್ತಾಗಿವೆ. ತಾನು ಮಾತ್ರ ಮದುವೆಯಾಗಲಿಲ್ಲ. ಯಾಕೆಂದು ಕೇಳಿದರೆ, ಇಷ್ಟು ಗಂಡಸರನ್ನು ಇಷ್ಟು ಹತ್ತಿರದಿಂದ ನೋಡಿದ ಮೇಲೆ ಧೈರ್ಯ ಸಾಲಲಿಲ್ಲ ಎನ್ನುತ್ತಿದ್ದಳು. ಕೆಂಪು ನೆಲ, ಅಂಚಿಗೆ ನವಿಲು, ನಡುವೆ ಪಗಡೆಯ ಹಾಸು ನೇಯ್ದ ಜಮಖಾನ ಅವಳದು. ಹುಡುಗಿಯ ಕಡೆಯವರು ಒಂದು ಪಕ್ಕ, ಹುಡುಗನ ಕಡೆಯವರು ಇನ್ನೊಂದು ಪಕ್ಕ ಕೂರುತ್ತಿದ್ದರು; ಹುಡುಗ ಹುಡುಗಿ ಮಾತ್ರ ಕಿಟಕಿ ಮೂಲೆಯಲ್ಲಿ ಎದುರುಬದುರು. ಹಿರಿಯರ ಮಾತೆಲ್ಲ ಮುಗಿದ ಮೇಲೆ ತುಂಗಕ್ಕ ಹುಡುಗಿಯ ಹತ್ತಿರ ಬಗ್ಗಿ, "ಒಪ್ಪಿಗಿ ಐತೇನವಾ?" ಎಂದು ಕೇಳುತ್ತಿದ್ದಳು. ಹುಡುಗಿ ಬಾಯಿಬಿಟ್ಟು ಹೇಳಿದರೇ ಎಲೆ ಅಡಿಕೆ ಹೊರಗೆ ಬರುತ್ತಿತ್ತು.

ಆ ಕಿಟಕಿ ಮೂಲೆಯಲ್ಲಿ ಇಪ್ಪತ್ತೆರಡು ವರ್ಷದ ಹಿಂದೆ ನಾನೂ ನೀಲವ್ವನೂ ಕೂತಿದ್ದೆವು. ತುಂಗಕ್ಕ ಕೇಳಿದಳು. ನೀಲವ್ವ ತಲೆ ತಗ್ಗಿಸಿದವಳು ಎತ್ತಲೇ ಇಲ್ಲ. ಎರಡನೇ ಸಲ ಕೇಳಿದಳು, ಆಗಲೂ ಇಲ್ಲ. ಮೂರನೇ ಸಲ ಕೇಳುವ ಮೊದಲೇ ಅವಳ ಅಪ್ಪ, "ಆಕೀನ ಏನ ಕೇಳ್ತೀರಿ, ಒಪ್ಪಿಗಿ ಐತಿ ಬಿಡ್ರಿ," ಎಂದು ತಾನೇ ಎಲೆ ಅಡಿಕೆಯ ತಟ್ಟೆಗೆ ಕೈ ಹಾಕಿಬಿಟ್ಟ. ಹಾಗೆ ನಮ್ಮ ಮದುವೆಯಾಯಿತು. ನೀಲವ್ವ ನನ್ನನ್ನು ಒಂದು ದಿನವೂ ನೋಯಿಸಿದವಳಲ್ಲ. ಆದರೆ ಅವಳ ಬಾಯಿಂದ ಆ ಮಾತು ಬರಲಿಲ್ಲವಲ್ಲ ಎಂಬುದು ಕಾಲಿಗೆ ಹೊಕ್ಕು ಮುರಿದ ಮುಳ್ಳಿನ ಹಾಗೆ ನನ್ನೊಳಗೆ ಉಳಿದುಕೊಂಡಿತ್ತು. ನಡೆಯಲು ಅಡ್ಡಿಯಿಲ್ಲ, ಒತ್ತಿದರೆ ಮಾತ್ರ ನೋವು.

ಹೋದ ಚಳಿಗಾಲದಲ್ಲಿ ತುಂಗಕ್ಕನಿಗೆ ಕೆಮ್ಮು ಹತ್ತಿತು. ಮೊದಮೊದಲು ಬೆಳಗಿನ ಹೊತ್ತು ಮಾತ್ರ ಇತ್ತು, ಆಮೇಲೆ ಉಸಿರೇ ಸಿಕ್ಕಿಕೊಳ್ಳತೊಡಗಿತು. ಡಾಕ್ಟರು ಬಂದು ಪಡಸಾಲೆಯ ಬಾಗಿಲಲ್ಲೇ ನಿಂತು ಎರಡು ಸಲ ಸೀನಿ, "ಈ ಮನ್ಯಾಗ ಈ ಧೂಳ ಇರಬೇಕು, ಇಲ್ಲಾ ನೀವಿರಬೇಕು. ಯುಗಾದಿ ಒಳಗ ಕೆಮ್ಮು ನಿಲ್ಲಲಿಲ್ಲಂದ್ರ ಊರು ಬಿಡ್ರಿ," ಎಂದು ಹೇಳಿ ಹೋದರು. ಊರು ಬಿಟ್ಟರೆ ಹೋಗಬೇಕಾದದ್ದು ತಮ್ಮನ ಮನೆಗೆ. ಆ ತಮ್ಮನಿಗೆ ಹೆಂಡತಿಯನ್ನು ಹುಡುಕಿ ಕೊಟ್ಟವಳು ತುಂಗಕ್ಕನೇ, ಹಾಗಾಗಿ ಅಲ್ಲಿ ಹೇಗಿರುತ್ತದೆಂದು ಬೇರೆ ಯಾರೂ ಅವಳಿಗೆ ಹೇಳಬೇಕಾಗಿರಲಿಲ್ಲ. ಜಮಖಾನವನ್ನೇ ತೆಗೆದು ಹೊರಗೆ ಹಾಕೋಣವೆಂದರೆ ಬೀಗರಾಗುವವರನ್ನು ಬರಿ ನೆಲದ ಮೇಲೆ ಕೂರಿಸಲಾಗದು, ಅವಳ ಬದುಕೇ ಅಲ್ಲಿಗೆ ನಿಂತುಹೋಗುತ್ತಿತ್ತು.

ನನ್ನನ್ನು ಕರೆಸಿದಳು. "ಗದಿಗೆಪ್ಪ, ಒಂದ ಕಣ ಉಳಿಬಾರದು ನೋಡಪಾ. ಚಿಟಿಕೆ ಗಿಟಿಕೆ ತಿರುಗಿ ಹಾಕೂದು ಬ್ಯಾಡ."

"ಎದ್ದಬಿಡತೈತಲ್ರಿ ತುಂಗಕ್ಕ."

"ಏಳಲಿ."

"ಮಂದಿ ಅಂತಾರ್ರಿ."

"ಅನ್ನಲಿ. ಉಸಿರಿದ್ರ ಅವರ ಜೋಡಿ ಜಗಳ ಆಡಾಕರ ಬರತೈತಿ." ಇಷ್ಟು ಹೇಳುವುದರಲ್ಲಿ ಅವಳು ಮೂರು ಸಲ ಕೆಮ್ಮಿ ಕಂಬ ಹಿಡಿದುಕೊಂಡಳು. ನನಗೆ ಬಹಳ ಕೆಟ್ಟದೆನಿಸಿತು. ಊರಿಗೆಲ್ಲ ಬಾಯಿ ಮಾಡಿದ ಹೆಂಗಸು ಒಂದು ವಾಕ್ಯ ಮುಗಿಸಲು ಕಂಬ ಹಿಡಿಯುವುದನ್ನು ನೋಡಲಾಗಲಿಲ್ಲ.

ತುಂಗಕ್ಕನ ಜಮಖಾನಕ್ಕೆ ಪೂರ್ತಿ ತೊಳೆತವಂತೆ ಎಂಬ ಸುದ್ದಿ ಸಂಜೆಯೊಳಗೆ ಊರು ಸುತ್ತಿತು. ಮಾರನೆಯ ಬೆಳಿಗ್ಗೆ ಬಾಗಿಲು ತೆಗೆದರೆ ನನ್ನ ಮನೆಯ ಕಟ್ಟೆಯ ಮೇಲೆ ಎಂಟು ಜೋಡಿ ಗಂಡಹೆಂಡಿರು ಕೂತಿದ್ದರು. ಎಲ್ಲರೂ ಅವಳ ಪಡಸಾಲೆಯಲ್ಲಿ ಒಪ್ಪಿಗೆ ಕೊಟ್ಟವರು. ಕಿರಾಣಿ ಅಂಗಡಿಯ ಫಕ್ಕೀರಪ್ಪ ಎಲ್ಲರ ಪರವಾಗಿ ಮಾತೆತ್ತಿದ. "ಗದಿಗೆಪ್ಪ, ಇಷ್ಟ ದಿನ ನಾವು ಒಂದಕಡೆ ಕುಂತೀವಂದ್ರ ಅದರಾಗ ನಮ್ಮಿಬ್ಬರ ಧೂಳ ಕೂಡೇತಿ ಅಂತ. ಅದನ್ನ ನೀ ಬೇರೆಬೇರೆ ಮಾಡಿದ್ರ ನಮ್ಮ ಗತಿ ಏನಪಾ?"

ಕೇಳಿದವರು ನಗಬಹುದು. ಆದರೆ ಧೂಳಿಲ್ಲದೆ ಜಮಖಾನವೇ ನಿಲ್ಲದ ಊರಿನಲ್ಲಿ ಸಂಸಾರ ನಿಲ್ಲುತ್ತದೆಯೇ ಎಂಬ ಅನುಮಾನ ಬರುವುದು ದೊಡ್ಡ ಮಾತಲ್ಲ. ಹಿಂದಿನ ದಿನವಷ್ಟೇ ಹೆಂಡತಿಯ ಜೊತೆ ಜಗಳವಾಡಿದ್ದ ಬಸಲಿಂಗಯ್ಯ ಮಾಸ್ತರರಂತೂ ಅವಳ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡೇ ಕೂತಿದ್ದರು. ಒಳಗಿಂದ ನೀಲವ್ವ ಬಂದು ಎಲ್ಲರನ್ನೂ ಒಮ್ಮೆ ನೋಡಿದಳು. "ಆಕಿ ಉಸಿರಕ್ಕಿಂತ ನಿಮ್ಮ ಧೂಳ ಹೆಚ್ಚಾತೇನ್ರಿ? ಅಷ್ಟು ಹೆದರಿಕಿ ಇದ್ರ ಬಡಿಯೂ ಮುಂದ ಬರ್ರಿ. ಉದುರಿದ್ದನ್ನ ಪೊಟ್ಟಣ ಕಟ್ಟಿ ಕೊಡ್ತೀವಿ. ನಿಮ್ಮ ನಿಮ್ಮ ಜಮಖಾನಕ್ಕ ಹಾಕ್ಕೊಳ್ರಿ."

ಎಂಟು ಜನ ಸೇರಿ ಜಮಖಾನವನ್ನು ಹೊತ್ತು ಕೆರೆಯ ಪಕ್ಕದ ಬಯಲಿಗೆ ತಂದೆವು. ಮುಖ ಕೆಳಗೆ ಮಾಡಿ ಬಿದಿರಿನ ಗಳದ ಮೇಲೆ ಹಾಕಿ ಬಡಿಯತೊಡಗಿದರೆ ಮೊದಲ ದಿನವೆಲ್ಲ ಧೂಳೇ. ಅಡಿಗೆ ಹಾಸಿದ ಬಟ್ಟೆಯ ಮೇಲೆ ಮೊಣಕಾಲೆತ್ತರ ರಾಶಿ ಬಿತ್ತು. ಜನ ಸಾಲಾಗಿ ನಿಂತರು. ನಮ್ಮದು ಯಾವುದು ಎಂದು ಕೇಳಿದವರಿಗೆಲ್ಲ ನಾನು ರಾಶಿಯನ್ನು ಒಂದು ಕ್ಷಣ ಗಂಭೀರವಾಗಿ ನೋಡಿ, ಬೇರೆ ಬೇರೆ ಕಡೆಯಿಂದ ಒಂದೊಂದು ಹಿಡಿ ತೆಗೆದು ಕಟ್ಟಿ ಕೊಟ್ಟೆ. ಫಕ್ಕೀರಪ್ಪನ ಹೆಂಡತಿ ಚನ್ನವ್ವ ಮಾತ್ರ, ಹೆಣ್ಣು ನೋಡಲು ಬಂದ ದಿನ ಅತ್ತೆಯೂ ಜೊತೆಗಿದ್ದರು, ಅವರ ಪಾಲು ಸೇರಿಸಬೇಡ ಎಂದು ಕಿವಿಯಲ್ಲಿ ಹೇಳಿದಳು. ಹಾಗೇ ಆಗಲೆಂದು ಎರಡು ಚಿಟಿಕೆ ವಾಪಸು ಹಾಕಿದೆ.

ಆಮೇಲೆ ಅಂಟುವಾಳದ ನೀರು, ನಾರು, ಮತ್ತೆ ನೀರು. ನಾಲ್ಕು ದಿನ ಉಜ್ಜಿದೆವು. ಕೆಂಪು ಬಣ್ಣ ಇಷ್ಟು ಕೆಂಪಾಗಿದ್ದೀತೆಂದು ನನಗೂ ಗೊತ್ತಿರಲಿಲ್ಲ. ನವಿಲಿನ ಕೊರಳಲ್ಲಿ ಹಸಿರಿತ್ತು. ಒಣಗಲು ಹಾಕಿದಾಗ ನಾಲ್ಕು ಗೂಟಕ್ಕೆ ಹಗ್ಗ ಬಿಗಿದೆವು. ನೀಲವ್ವ ಬುತ್ತಿ ತರಲು ಮನೆಗೆ ಹೋದಳು. ಬಯಲಲ್ಲಿ ನಾನೊಬ್ಬನೇ ಉಳಿದೆ.

ಆಗ ನನ್ನಲ್ಲಿ ಆ ಹಾಳು ಬುದ್ಧಿ ಹುಟ್ಟಿತು. ಊರಿನವರಿಗೆಲ್ಲ ಪೊಟ್ಟಣ ಕಟ್ಟಿ ಕೊಟ್ಟು ಒಳಗೊಳಗೇ ನಗುತ್ತಿದ್ದವನಿಗೆ ನನ್ನದೇ ಸರದಿ ನೆನಪಾಯಿತು. ಅವರೆಲ್ಲರ ಹೆಂಡತಿಯರು ಬಾಯಿಬಿಟ್ಟು ಒಪ್ಪಿಗೆ ಹೇಳಿದವರು. ಧೂಳು ಹೋದರೂ ಅವರಿಗೆ ಮಾತಾದರೂ ಇದೆ. ನನಗೆ? ಒಪ್ಪಿಗೆ ಹೇಳದ ಹೆಣ್ಣನ್ನು ಇಪ್ಪತ್ತೆರಡು ವರ್ಷ ನನ್ನ ಮನೆಯಲ್ಲಿ ಹಿಡಿದು ಕೂರಿಸಿದ್ದು ಕಿಟಕಿ ಮೂಲೆಯ ಆ ಧೂಳೇ ಆಗಿದ್ದರೆ? ಬಡಿಯುವ ದಿನ ಆ ಮೂಲೆಯಿಂದ ಉದುರಿದ್ದನ್ನು ಬೇರೆಯಾಗಿ ಒಂದು ಹಿಡಿ ತೆಗೆದು ಸೊಂಟಕ್ಕೆ ಕಟ್ಟಿಕೊಂಡಿದ್ದೆ, ಯಾಕೆಂದು ನನಗೆ ನಾನೇ ಹೇಳಿಕೊಂಡಿರಲಿಲ್ಲ. ಈಗ ಆ ಮೂಲೆಯ ಅಸ್ತರನ್ನು ಬಿಚ್ಚಿ, ಒಳಗೆ ಸುರಿದು, ನನಗೆ ಬಂದ ಹಾಗೆ ಹೊಲಿದುಬಿಟ್ಟೆ.

ಜಮಖಾನ ತುಂಗಕ್ಕನ ಪಡಸಾಲೆಗೆ ಬಂದು, ಹಗ್ಗ ಬಿಚ್ಚಿದ ಕೂಡಲೇ ಮೇಲೆದ್ದು ಜಂತಿಗೆ ಹೋಗಿ ನಿಂತಿತು. ಕಿಟಕಿ ಮೂಲೆ ಮಾತ್ರ ಬಾಗಿಲಿನೆತ್ತರಕ್ಕೆ ಜೋಲುತ್ತಿತ್ತು. "ಅದ್ಯಾಕ ಹಂಗ?" ಎಂದಳು ತುಂಗಕ್ಕ. "ಆ ಮೂಲ್ಯಾಗ ನೂಲ ಬಿಗಿದೈತ್ರಿ, ನಾಲ್ಕ ದಿನದಾಗ ಸರಿಹೋಗತೈತಿ," ಎಂದೆ. ಕಸುಬಿನ ಹೆಸರಿನಲ್ಲಿ ನಾನು ಬಾಯಿಬಿಟ್ಟು ಹೇಳಿದ ಮೊದಲ ಸುಳ್ಳು ಅದು. ತುಂಗಕ್ಕ ಹಾಸಿಗೆಯನ್ನು ಅದರ ಕೆಳಗೇ ಹಾಕಿಸಿಕೊಂಡಳು, ನವಿಲು ನೋಡುತ್ತ ಮಲಗುತ್ತೇನೆಂದು.

ಕೆಮ್ಮು ನಿಲ್ಲಲಿಲ್ಲ. ನಿಲ್ಲುವುದು ಹೇಗೆ? ಕಾಲ ಕೆಳಗಿನ ರಾಶಿಗಿಂತ ತಲೆಯ ಮೇಲಿನ ಒಂದು ಹಿಡಿ ಕೆಟ್ಟದ್ದು. ನನ್ನ ಒರಟು ಹೊಲಿಗೆಯ ಸಂದಿಯಿಂದ ಗಾಳಿ ಬೀಸಿದಾಗಲೆಲ್ಲ ಒಂದಿಷ್ಟು ಉದುರಿ ಅವಳ ಮುಖದ ಮೇಲೆ ಬೀಳುತ್ತಿತ್ತು. ಯುಗಾದಿಗೆ ಆರು ದಿನ ಉಳಿದಾಗ ಡಾಕ್ಟರು ತಲೆಯಾಡಿಸಿ ಹೋದರು. ತುಂಗಕ್ಕನ ತಮ್ಮ ಗಾಡಿ ಕಳಿಸುತ್ತೇನೆಂದು ಕಾಗದ ಬರೆದ. ನಾನು ಹೋದಾಗ ಅವಳು ಟ್ರಂಕಿನಲ್ಲಿ ಸೀರೆ ಜೋಡಿಸುತ್ತಿದ್ದಳು. "ನಿಂದೇನ ತಪ್ಪಿಲ್ಲ ಬಿಡಪಾ ಗದಿಗೆಪ್ಪ, ನೀ ಚೊಲೋನ ತೊಳದಿ. ನನ್ನ ಪುಪ್ಪುಸದಾಗ ಕುಂತದ್ದನ್ನ ನೀ ಹ್ಯಾಂಗ ಬಡೀತಿ?" ಎಂದಳು. ನನಗೆ ನಿಂತ ನೆಲ ಬಿರಿಯಬಾರದೇ ಅನ್ನಿಸಿತು. ಆದರೂ ಟ್ರಂಕಿನ ಮುಚ್ಚಳ ಹಾಕಿಕೊಟ್ಟು, ಹೇಡಿಯ ಹಾಗೆ ಮನೆಗೆ ಬಂದೆ.

ಮರುದಿನ ಮಧ್ಯಾಹ್ನ ನೀಲವ್ವ ನನ್ನನ್ನು ತುಂಗಕ್ಕನ ಮನೆಗೆ ಬರಹೇಳಿದಳು. ತುಂಗಕ್ಕ ಹಿತ್ತಲಲ್ಲಿ ಬಿಸಿಲು ಕಾಯುತ್ತಿದ್ದಳು. ಪಡಸಾಲೆಯಲ್ಲಿ ನೀಲವ್ವ ಏಣಿಯ ಮೇಲೆ ನಿಂತು, ಜೋಲುವ ಮೂಲೆಯನ್ನು ಕೈಯಲ್ಲಿ ಹಿಡಿದಿದ್ದಳು. ಬಾಯಲ್ಲಿ ಕತ್ತರಿ ಕಚ್ಚಿಕೊಂಡಿದ್ದವಳು ಅದನ್ನು ತೆಗೆದು, "ಈ ಹೊಲಿಗಿ ನಂದಲ್ಲ," ಎಂದಳು.

ನಾನು ಹಿತ್ತಲ ಬಾಗಿಲನ್ನು ಮುಂದೆ ಮಾಡಿದೆ.

"ಸೂಜಿ ಹಿಡಿದು ಗೋಣಿಚೀಲ ಹೊಲದಂಗ ಹೊಲದೀರಿ. ಒಳಗೇನ ಇಟ್ಟೀರಿ?"

"ನಮ್ಮದು," ಎಂದೆ.

"ನಮ್ಮದು ಏನ?"

ಹೇಳಿದೆ. ತುಂಗಕ್ಕ ಎರಡು ಸಲ ಕೇಳಿದ್ದು, ಅವಳು ತಲೆ ಎತ್ತದಿದ್ದದ್ದು, ಅವಳಪ್ಪ ತಟ್ಟೆಗೆ ಕೈ ಹಾಕಿದ್ದು, ಎಲ್ಲವನ್ನೂ ನೆಲ ನೋಡುತ್ತ ಹೇಳಿದೆ. "ನೀ ಒಪ್ಪಿಗಿ ಅನ್ನಲಿಲ್ಲ ನೀಲವ್ವ. ಮತ್ಯಾತರ ಮ್ಯಾಲೆ ಉಳದಿ ಅಂತ ನಾ ತಿಳಕೋಬೇಕು? ಈ ಧೂಳ ಹೋದ್ರ ನೀನೂ ಎದ್ದ ಹೋಗ್ತಿ ಏನೋ ಅಂತ ಹೆದರಿಕಿ ಆತು." ಇಪ್ಪತ್ತೆರಡು ವರ್ಷದ ಮಾತು ಹೊರಗೆ ಬಂದಾಗ ಇಷ್ಟೇ ಇಷ್ಟಿತ್ತು.

ನೀಲವ್ವ ಏಣಿಯ ಮೇಲೆಯೇ ಕೂತಳು. ಕತ್ತರಿಯನ್ನು ಮಡಿಲಲ್ಲಿಟ್ಟುಕೊಂಡಳು. ಬೈಯುತ್ತಾಳೆಂದು ಕಾದೆ. "ಅವತ್ತು ನಾ ನಿಮ್ಮ ಮುಖ ನೋಡಲಿಲ್ಲ," ಎಂದಳು ಕೊನೆಗೆ. "ಕಾಲ ನೋಡಿದ್ನಿ. ನಿಮಗಿಂತ ಮೊದಲ ಮೂರ ಮಂದಿ ಇಲ್ಲೇ ಬಂದು ನನ್ನ ನೋಡಿ ಹೋಗಿದ್ರು. ಮೂವರೂ ಹೊಲದಾಗಿಂದ ಸೀದಾ ಬಂದವರ ಗತೆ, ಮಣ್ಣಗಾಲಾಗ ಹತ್ತಿ ಕುಂತ್ರು. ಮೂವರಿಗೂ ನಾ ಒಲ್ಲೆ ಅಂದೆ. ನೀವು ಹೊರಗ ನಲ್ಲ್ಯಾಗ ಕಾಲ ತೊಳಕೊಂಡು, ಧೋತರದ ತುದೀಲೆ ಬೆರಳಿನ ಸಂದಿ ಸುದ್ದಾ ಒರಸಿಕೊಂಡು ಬಂದ್ರಿ. ಇಂವಾ ನೆಲ ನೋಡಿ ಕಾಲಿಡೂ ಮನಶ್ಯಾ ಅಂದ್ಕೊಂಡೆ. ಒಲ್ಲೆ ಅನ್ನೂದಿದ್ರ ಅವತ್ತೂ ಅಂತಿದ್ನಿ. ಅವ್ವ ನನಗೂ ಕಾಲ ತೊಳೆದು ಅರಿಷಿಣ ಹಚ್ಚಿ ಕೂಡ್ರಿಸಿದ್ಲು. ಇದರಾಗ ನಿಮ್ಮದೂ ಇಲ್ಲ, ನಂದೂ ಇಲ್ಲ."

ನಮ್ಮಪ್ಪನ ಮೊದಲ ಪಾಠ ನೆನಪಾಯಿತು. ಹೆಣ್ಣು ನೋಡಲು ಹೋದ ದಿನವೂ ಅಭ್ಯಾಸದಂತೆ ಕಾಲು ತೊಳೆದೇ ಹೋಗಿದ್ದೆ, ಮರೆತದ್ದು ನಾನೇ. ಬೆಪ್ಪನ ಹಾಗೆ ಕೇಳಿದೆ, "ಹಂಗಾದ್ರ ಈ ಧೂಳ ಯಾರದು?"

"ಯಾರಿಗ್ಗೊತ್ತು? ಆ ಮೂರ ಹುಡುಗುರದ ಇರಬೇಕು," ಎಂದಳು ನೀಲವ್ವ. ಹೇಳಿದವಳಿಗೇ ನಗು ತಡೆಯಲಾಗಲಿಲ್ಲ. ಏಣಿ ಅಲುಗಾಡುವಷ್ಟು ನಕ್ಕಳು. ನಾನು ಏಣಿ ಹಿಡಿದುಕೊಂಡೆ. ಸೊಂಟಕ್ಕೆ ಕಟ್ಟಿಕೊಂಡು, ಸುಳ್ಳು ಹೇಳಿ, ಒಬ್ಬ ಮುದುಕಿಯ ಉಸಿರು ಪಣಕ್ಕಿಟ್ಟು ನಾನು ಕಾಪಾಡಿದ್ದು ನನ್ನ ಹೆಂಡತಿ ಒಲ್ಲೆನೆಂದ ಮೂವರು ಗಂಡುಗಳ ಕಾಲಿನ ಮಣ್ಣನ್ನು.

ಕತ್ತರಿಸಿ ತೆಗೆದೆವು. ಮೂಲೆಯನ್ನು ಬಕೆಟ್ಟಿನಲ್ಲಿ ಅದ್ದಿ ಮೂರು ನೀರಿನಲ್ಲಿ ತೊಳೆದೆವು. ಆಮೇಲೆ ಹಿತ್ತಲಿಗೆ ಹೋಗಿ ತುಂಗಕ್ಕನ ಮುಂದೆ ನಿಂತು ಎಲ್ಲ ಒಪ್ಪಿಕೊಂಡೆ. ಅವಳು ಕೇಳಿ ಮುಗಿಸಿ, "ನಲವತ್ತ ವರ್ಷದಾಗ ನಾ ಕೂಡಿಸಿದ ಗಂಡಸರೊಳಗ ನಿನ್ನಷ್ಟು ಹುಚ್ಚ ಇನ್ನೊಬ್ಬ ಇಲ್ಲ," ಎಂದಳು. ಬೈಗುಳ ಅಷ್ಟಕ್ಕೇ ಮುಗಿದದ್ದು ನನ್ನ ಪುಣ್ಯ. ಸಂಜೆಗೆ ಮೂಲೆ ಒಣಗಿ ಮೇಲಕ್ಕೆ ಹೋಯಿತು. ನಾಲ್ಕನೇ ದಿನಕ್ಕೆ ಕೆಮ್ಮು ನಿಂತಿತು. ಯುಗಾದಿಯ ಬೆಳಿಗ್ಗೆ ತುಂಗಕ್ಕ ಕಟ್ಟೆಯ ಮೇಲೆ ನಿಂತು, ತಮ್ಮ ಕಳಿಸಿದ ಗಾಡಿಯವನಿಗೆ ಬೀದಿಯ ಕೊನೆಯವರೆಗೆ ಕೇಳಿಸುವ ಹಾಗೆ, ಎಲ್ಲಿಯೂ ತಡೆಯದೆ, ಒಂದೇ ಉಸಿರಿನಲ್ಲಿ ವಾಪಸು ಹೋಗೆಂದು ಹೇಳಿದಳು. ನನ್ನ ಕಣ್ಣಲ್ಲಿ ನೀರು ಬಂತು.

ಊರಿನ ಸಂಸಾರಗಳಿಗೆ ಏನೂ ಆಗಲಿಲ್ಲ. ಜಗಳವಾಡುವವರು ಜಗಳವಾಡುತ್ತಲೇ ಇದ್ದರು. ಚನ್ನವ್ವ ತನ್ನ ಪೊಟ್ಟಣವನ್ನು ಕರಿಬೇವಿನ ಗಿಡದ ಬುಡಕ್ಕೆ ಸುರಿದಳೆಂದು ಕೇಳಿದೆ, ಗಿಡ ಚೆನ್ನಾಗಿದೆಯಂತೆ. ಆದರೆ ಎದ್ದ ಜಮಖಾನದ ಕೆಳಗೆ ಯಾವ ಬೀಗರು ಬಂದು ಕೂತಾರು ಎಂಬುದು ಉಳಿದಿತ್ತು. ಅದಕ್ಕೂ ನೀಲವ್ವನೇ ದಾರಿ ಹುಡುಕಿದಳು. ಜಮಖಾನವನ್ನು ಹಿಡಿದು ಕೂರಿಸುವ ಧೂಳಿನ ಕೆಲಸವನ್ನು ಮನುಷ್ಯರೇ ಮಾಡಲಿ ಎಂದಳು. ನಾಲ್ಕು ಮೂಲೆಗೂ ಹಗ್ಗ ಹೊಲಿದು, ಎಳೆದು ಇಳಿಸಿ, ಇಬ್ಬರು ಹತ್ತಿ ಕೂತರೆ ಜಮಖಾನ ಮೊಣಕಾಲೆತ್ತರದಲ್ಲಿ ತಣ್ಣಗೆ ನಿಲ್ಲುತ್ತದೆ. ತುಂಗಕ್ಕ ಬಾಗಿಲಲ್ಲಿ ನೀರಿನ ಹಂಡೆ, ಒರಸಲು ಬಟ್ಟೆ ಇಡಿಸಿದಳು. ಕಾಲು ತೊಳೆಯದ ಗಂಡಿಗೆ ಹೆಣ್ಣು ತೋರಿಸುವುದಿಲ್ಲವೆಂದು ಊರಿಗೆ ಸಾರಿದಳು.

ಮೊದಲು ಹತ್ತಿ ನೋಡುವವರು ನಾನೂ ನೀಲವ್ವನೂ ಆಗಬೇಕೆಂದು ತುಂಗಕ್ಕ ಹಟ ಹಿಡಿದಳು. ಕಟ್ಟೆಯ ತುಂಬ ಜನ ನೆರೆದಿದ್ದರು. ನಾನು ಹಂಡೆಯ ಹತ್ತಿರ ನಿಂತು ಬೆರಳಿನ ಸಂದಿಯನ್ನೂ ಒರಸಿಕೊಂಡೆ. ಕಿಟಕಿ ಮೂಲೆಯಲ್ಲಿ ನೀಲವ್ವ ಆಗಲೇ ಕೂತಿದ್ದಳು, ಎದುರಿಗೆ ನಾನು ಹೋಗಿ ಕೂತೆ. ಜಮಖಾನ ಒಮ್ಮೆ ತಗ್ಗಿ, ಒಂದು ಗೇಣು ಎದ್ದು, ನಿಂತಿತು. ತುಂಗಕ್ಕ ಬಗ್ಗಲಿಲ್ಲ, ಈಗ ಬಗ್ಗುವ ಅಗತ್ಯವಿರಲಿಲ್ಲ, ಹುಡುಗಿಯ ಮುಖ ಅವಳ ಎದೆಯೆತ್ತರದಲ್ಲೇ ಇತ್ತು. "ಕೆಲಸ ಅರ್ಧ ಮಾಡಿ ಬಿಟ್ಟಿದ್ನಿ," ಎಂದು ಗಂಟಲು ಸರಿಮಾಡಿಕೊಂಡು, ಮೂರನೇ ಸಲ ಕೇಳಿದಳು. "ಒಪ್ಪಿಗಿ ಐತೇನವಾ?"

ನೀಲವ್ವ ತಲೆ ಎತ್ತಿದಳು. ನನ್ನ ಕಾಲು ನೋಡಿದಳು, ಆಮೇಲೆ ಮುಖ ನೋಡಿದಳು.

"ಐತ್ರಿ," ಎಂದಳು.

ತುಂಗಕ್ಕ ಎಲೆ ಅಡಿಕೆಯ ತಟ್ಟೆ ತರಲು ಒಳಗೆ ಹೋದಳು.